ಮ್ಯಾಂಟಿಸ್ ಶ್ರಿಂಪ್ ಅನ್ನೋ ಸೀಗಡಿ ಥರದ ಜೀವಿ ನೋಡಾಕೆ ಬಾಲಿಗೆ ಹೋದ್ವಿ, ಡೈವಿಂಗ್ ಅಂಗಡಿ ಹೆಂಗಿತ್ತು

ದಾವಣಗೆರೆಯಿಂದ ಮೂರು ಜನ ಬಾಲಿಗೆ ಹೋಗಿದ್ವಿ, ತುಲಾಂಬೆನ್‌ನಾಗೆ ಡೈವ್ ಮಾಡ್ಸಿದ ಅಂಗಡಿ ಬಗ್ಗೆ ಹೇಳ್ಬೇಕು. ಗೈಡ್ ಮಾತ್ರ ಸೂಪರ್ ರೀ, 1942ರಲ್ಲಿ ಟಾರ್ಪೆಡೊ ಬಿದ್ದು ಈಗ ನೀರಡಿ ಇರೋ ಲಿಬರ್ಟಿ ಹಡಗನ್ನ ಎಲ್ಲರೂ ತೋರಿಸ್ತಾರೆ, ಇವನು ಕಲ್ಲುಚೂರಿನ ಬಿಲದ ಮುಂದೆ ಸುಮ್ನೆ ಕಾಯಿಸಿದ, ಐದು ನಿಮಿಷಕ್ಕೆ ನವಿಲು ಬಣ್ಣದ ಮ್ಯಾಂಟಿಸ್ ಶ್ರಿಂಪ್ ಇಣುಕ್ತು, ಎರಡು ಕಣ್ಣೂ ಬೇರೆಬೇರೆ ಕಡೆ ತಿರುಗ್ತಾವೆ ಮಾರಾಯ್ರೆ! ಸೆಕೆಂಡಿಗೆ 20 ಮೀಟರ್‌ಗಿಂತ ಸ್ಪೀಡಾಗಿ ಗುದ್ದಿ ಏಡಿ ಚಿಪ್ಪು ಒಡೀತದೆ, ಬೆರಳು ಚಾಚಬ್ಯಾಡ್ರಿ ಅಂತ ಮೊದ್ಲೇ ಹೇಳಿದ್ದ, ನಮ್ಮ ದೋಸ್ತ್ ಆದ್ರೂ ಚಾಚಾಕೆ ಹೋಗಿ ಬೈಸ್ಕೊಂಡ. ಬಾಡಿಗೆ ಮಾಸ್ಕ್ ಹಳೇದು, ನೀರು ಸೋರ್ತಿತ್ತು, ಅದಕ್ಕೇ ಒಂದು ಸ್ಟಾರ್ ಕಟ್. ಮಧ್ಯಾಹ್ನದ ಊಟ ಸಪ್ಪೆ, ಬೆಣ್ಣೆದೋಸೆ ಬಾಳ ನೆನಪಾತು. ಬಾಲಿ ದೂರ ಅನ್ಸಿದ್ರೆ ಈ ಮ್ಯಾಂಟಿಸ್ ಶ್ರಿಂಪ್ ಅಂಡಮಾನ್‌ನಾಗೂ ಸಿಗ್ತಾವೆ.