ಅಲಟೀನ್: ಕುಡಿಯುವವರ ಮನೆಯ ಮಕ್ಕಳಿಗೆ ವಾರಕ್ಕೊಂದು ಗಂಟೆ

ಅಪ್ಪ ಅಥವಾ ಅಮ್ಮನ ಕುಡಿತದಿಂದ ನೊಂದ ಹದಿಹರೆಯದವರಿಗಾಗಿ ಅಲಟೀನ್ ಎಂಬ ಬೆಂಬಲ ಗುಂಪು ಇದೆಯೆಂದು ನನಗೆ ಮೊದಲು ತಿಳಿಸಿದವರು ನನ್ನ ಚಿಕ್ಕಮ್ಮ. ಆಗ ನನಗೆ 15 ವರ್ಷ. ಅಲ್ಲಿಂದ ಎರಡು ವರ್ಷ ಬಹುತೇಕ ಪ್ರತಿ ವಾರ ಆ ಸಭೆಗೆ ಹೋಗಿ ಬಂದವಳಾಗಿ ಈ ಅಭಿಪ್ರಾಯ ಬರೆಯುತ್ತಿದ್ದೇನೆ. ಅಪ್ಪನ ಕುಡಿತ ಬಿಡಿಸುವ ಉಪಾಯ ಸಿಗುತ್ತದೆ ಎಂದುಕೊಂಡು ಹೋಗುವವರಿಗೆ ಅಲ್ಲಿ ನಿರಾಸೆ ಖಂಡಿತ, ನನಗೂ ಆಯಿತು. ಕುಡಿತ ಬಿಡಿಸುವ ಹೊಣೆಯನ್ನೇ ಮಕ್ಕಳ ತಲೆಯಿಂದ ಇಳಿಸುವುದು ಈ ಗುಂಪಿನ ಕೆಲಸ ಎಂದು ಅರ್ಥವಾಗಲು ನಾಲ್ಕೈದು ಸಭೆಗಳೇ ಬೇಕಾದವು.

ಕುಡಿತ ಬಿಡಲು ಬಯಸುವವರಿಗಾಗಿ 1935ರಲ್ಲಿ ಅಮೆರಿಕದಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿತು. ಅವರ ಮನೆಯವರಿಗಾಗಿ 1951ರಲ್ಲಿ ಆಲ್-ಅನಾನ್ ರೂಪುಗೊಂಡಿತು. ಅದರ ಕಿರಿಯರ ವಿಭಾಗವಾದ ಅಲಟೀನನ್ನು 1957ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭಿಸಿದವನು ಹದಿಹರೆಯದ ಒಬ್ಬ ಹುಡುಗ. ವೈದ್ಯರಲ್ಲ, ಶಿಕ್ಷಕರಲ್ಲ, ಇಂಥದೇ ಮನೆಯಲ್ಲಿ ಬೆಳೆದವನು. ಸಭೆಯೊಳಗೆ ಕಾಲಿಟ್ಟ ಕೂಡಲೇ ಇದು ಗೊತ್ತಾಗುತ್ತದೆ. ಸಭೆಯನ್ನು ನಡೆಸುವವರು ಮಕ್ಕಳೇ. ಆಲ್-ಅನಾನ್ ಸದಸ್ಯರಾದ ಹಿರಿಯರು ಜೊತೆಗೆ ಕೂತಿದ್ದು ಕಾಯುತ್ತಾರೆ, ಬೇಕಾದಾಗ ಮಾತ್ರ ದಾರಿ ತೋರಿಸುತ್ತಾರೆ. ಅಡ್ಡಹೆಸರು, ಶಾಲೆ, ವಿಳಾಸ ಯಾವುದನ್ನೂ ಕೇಳುವುದಿಲ್ಲ. ಶುಲ್ಕವಿಲ್ಲ, ಖರ್ಚಿಗೆ ಸದಸ್ಯರು ಮನಸ್ಸಿದ್ದರೆ ಕೊಡುತ್ತಾರೆ. ಒಬ್ಬರು ಮಾತನಾಡುವಾಗ ಮತ್ತೊಬ್ಬರು ನಡುವೆ ಬಾಯಿ ಹಾಕುವಂತಿಲ್ಲ, ಬುದ್ಧಿ ಹೇಳುವಂತಿಲ್ಲ.

ಬುದ್ಧಿ ಹೇಳುವಂತಿಲ್ಲ ಎಂಬ ಈ ಕಟ್ಟುಪಾಡು ಎಷ್ಟು ದೊಡ್ಡ ಉಪಕಾರವೆಂಬುದು, ಮನೆಗೆ ಬಂದವರಿಂದೆಲ್ಲ ಬುದ್ಧಿಮಾತು ಕೇಳಿಸಿಕೊಂಡ ಮಕ್ಕಳಿಗೆ ಮಾತ್ರ ತಿಳಿದೀತು. ನೀನು ಚೆನ್ನಾಗಿ ಓದಿ ಒಳ್ಳೆಯ ಅಂಕ ತೆಗೆದರೆ ಅಪ್ಪ ತಾನಾಗಿ ಸರಿಹೋಗುತ್ತಾರೆ ಎಂದು ಹಿರಿಯರೊಬ್ಬರು ನನಗೆ ಹೇಳಿದ್ದರು. ನಾನು ನಂಬಿ ಓದಿದೆ, ಅಂಕವೂ ಬಂತು. ಅಪ್ಪ ಆ ಸಂತೋಷಕ್ಕೂ ಕುಡಿದರು.

ಮೊದಲ ಎರಡು ಸಭೆಗಳಲ್ಲಿ ನಾನು ತುಟಿ ಬಿಚ್ಚಲಿಲ್ಲ. ಯಾರೂ ಒತ್ತಾಯಿಸಲೂ ಇಲ್ಲ. ಮೂರನೆಯ ವಾರ, ನನಗಿಂತ ಚಿಕ್ಕವನಾದ ಒಬ್ಬ ಹುಡುಗ, ರಾತ್ರಿ ತನ್ನ ತಂದೆ ಬಾಗಿಲು ತೆರೆಯುವಾಗ ಕೀಲಿಕೈ ಬೀಗಕ್ಕೆ ಎಷ್ಟು ಸಲ ತಾಗಿ ತಪ್ಪುತ್ತದೆ ಎಂದು ಹಾಸಿಗೆಯಲ್ಲಿ ಮಲಗಿಯೇ ಎಣಿಸುತ್ತೇನೆ, ಎರಡಕ್ಕಿಂತ ಹೆಚ್ಚಾದರೆ ತಂಗಿಯ ಕೋಣೆಗೆ ಹೋಗಿ ಕೂರುತ್ತೇನೆ ಎಂದ. ನಾನೂ ಹಾಗೆಯೇ ಎಣಿಸುತ್ತಿದ್ದೆ. ಅದನ್ನು ಪ್ರಪಂಚದಲ್ಲಿ ನಾನೊಬ್ಬಳೇ ಮಾಡುತ್ತೇನೆ ಎಂದು ಅಲ್ಲಿಯವರೆಗೆ ನಂಬಿದ್ದೆ. ಅಂದು ನಾನು ಮೊದಲ ಬಾರಿ ಬಾಯಿ ಬಿಟ್ಟೆ: ಬಾಟಲಿಯ ಲೇಬಲ್ಲಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು, ಬೆಳಿಗ್ಗೆ ಎದ್ದು ಎಷ್ಟು ಇಳಿದಿದೆ ಎಂದು ನೋಡುವ ನನ್ನ ಅಭ್ಯಾಸವನ್ನು ಹೇಳಿಕೊಂಡೆ. ಇಬ್ಬರು ಮೂವರು ತಲೆಯಾಡಿಸಿದರು, ಅಷ್ಟೆ.

ಈ ಕುಡಿತಕ್ಕೆ ನೀನು ಕಾರಣಳಲ್ಲ, ಇದನ್ನು ಹತೋಟಿಗೆ ತರುವುದು ನಿನ್ನಿಂದಾಗದು, ಇದನ್ನು ವಾಸಿಮಾಡುವುದೂ ನಿನ್ನಿಂದಾಗದು ಎಂಬ ಮೂರು ಮಾತುಗಳು ಅಲ್ಲಿ ಮತ್ತೆ ಮತ್ತೆ ಕೇಳಿಬರುತ್ತವೆ. ಮೊದಲನೆಯದು ನನಗೆ ಸಮಾಧಾನ ಕೊಟ್ಟಿತು, ಉಳಿದೆರಡು ಸಿಟ್ಟು ತರಿಸಿದವು. ಏನೂ ಮಾಡಲಾಗದೆ ಕೈಕಟ್ಟಿ ಕೂರಬೇಕೇ ಎಂಬ ಹಟದಲ್ಲಿ ಒಮ್ಮೆ ಮನೆಯಲ್ಲಿದ್ದ ಬಾಟಲಿಗಳನ್ನೆಲ್ಲ ಬಚ್ಚಿಟ್ಟೆ. ಜ್ವರದಿಂದ ಹೊರಗೆ ಹೋಗಲಾರದೆ ಇದ್ದ ಅಪ್ಪನ ಕೈ ಎರಡನೆಯ ದಿನ ನೀರಿನ ಲೋಟ ಹಿಡಿಯಲಾಗದಷ್ಟು ನಡುಗತೊಡಗಿತು, ಬೆವರು ಸುರಿಯಿತು, ಇಲ್ಲದ ದನಿಗಳು ಕೇಳತೊಡಗಿದವು, ಆಸ್ಪತ್ರೆಗೆ ಸೇರಿಸಬೇಕಾಯಿತು. ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳೊಳಗೆ ಅಪಸ್ಮಾರದಂಥ ಸೆಳವು, ಭ್ರಮೆ ಬರಬಹುದು, ಪ್ರಾಣಕ್ಕೂ ಕುತ್ತಾಗಬಹುದು, ಆದ್ದರಿಂದ ಬಿಡಿಸುವುದು ವೈದ್ಯರ ಕಣ್ಣೆದುರಿನಲ್ಲೇ ಆಗಬೇಕು ಎಂದು ಅಲ್ಲಿನ ವೈದ್ಯರು ವಿವರಿಸಿದರು. ನನ್ನಿಂದಾಗದು ಎಂಬ ಮಾತನ್ನು ನಾನು ಒಪ್ಪಿಕೊಂಡದ್ದು ಆಮೇಲೆಯೇ.

ಇನ್ನು ಕೊರತೆಗಳು. ಅಲಟೀನ್ ಚಿಕಿತ್ಸಾ ಕೇಂದ್ರವಲ್ಲ. ಅಲ್ಲಿ ಮನೋವೈದ್ಯರಾಗಲಿ ಆಪ್ತಸಮಾಲೋಚಕರಾಗಲಿ ಇರುವುದಿಲ್ಲ. ಮನೆಯಲ್ಲಿ ಹೊಡೆತ ಬಡಿತ ಇರುವ ಮಗುವಿಗೆ ವಾರಕ್ಕೊಂದು ಗಂಟೆಯ ಸಭೆ ರಕ್ಷಣೆಯಾಗಲಾರದು. ಆ ಮಗು ನಂಬಿಕೆಯ ಹಿರಿಯರಿಗೋ ಮಕ್ಕಳ ಸಹಾಯವಾಣಿಗೋ ತಡಮಾಡದೆ ತಿಳಿಸಬೇಕು. ಕುಡಿದು ಬಿದ್ದವರು ಎಬ್ಬಿಸಿದರೂ ಏಳದೆ, ಉಸಿರು ನಿಧಾನವಾದರೆ, ಮಗ್ಗುಲಿಗೆ ಹೊರಳಿಸಿ ಮಲಗಿಸಿ ಕೂಡಲೇ ಆಂಬುಲೆನ್ಸ್ ಕರೆಯಬೇಕು. ನಿದ್ದೆ ತಿಳಿದರೆ ಸರಿಹೋಗುತ್ತದೆ ಎಂದು ಬಿಡಬಾರದು. ಆಲ್ಕೊಹಾಲಿಕ್ಸ್ ಅನಾನಿಮಸ್‌ನಿಂದ ಬಂದ 12 ಹೆಜ್ಜೆಗಳೇ, ಅಂದರೆ ಚೇತರಿಕೆಗಾಗಿ ಒಂದೊಂದಾಗಿ ಪಾಲಿಸುವ ಸೂತ್ರಗಳೇ, ಇಲ್ಲಿಯೂ ಆಧಾರವಾಗಿರುವುದರಿಂದ ನಮಗಿಂತ ದೊಡ್ಡದಾದ ಶಕ್ತಿಯ ಮಾತು ಆಗಾಗ ಬರುತ್ತದೆ. ಅದನ್ನು ತಮಗೆ ತೋಚಿದಂತೆ ಅರ್ಥ ಮಾಡಿಕೊಳ್ಳಲು ಬಿಡುತ್ತಾರಾದರೂ, ದೇವರಲ್ಲಿ ನಂಬಿಕೆಯಿಲ್ಲದ ಮಕ್ಕಳಿಗೆ ಅದು ಇರುಸುಮುರುಸು ಎನಿಸಬಹುದು. ಎಲ್ಲ ಊರುಗಳಲ್ಲಿಯೂ ಗುಂಪುಗಳಿಲ್ಲ. ಹತ್ತಿರದಲ್ಲಿ ಇಲ್ಲದವರಿಗೆ, 13ರಿಂದ 18 ವರ್ಷದವರಿಗಾಗಿ ಅಂತರ್ಜಾಲದಲ್ಲಿ ಚಾಟ್ ಸಭೆಗಳೂ ನಡೆಯುತ್ತವೆ. ಮಾತನಾಡಿದರೆ ಪಕ್ಕದ ಕೋಣೆಗೆ ಕೇಳಿಸೀತೆಂಬ ಭಯದಲ್ಲಿ ಬದುಕುವ ಮಕ್ಕಳಿಗೆ ಟೈಪ್ ಮಾಡುವುದೇ ಹೆಚ್ಚು ಸುರಕ್ಷಿತ ಎಂದು ನನಗನಿಸುತ್ತದೆ.

ಕನಿಷ್ಠ ಆರು ಸಭೆಗಳಿಗೆ ಬಂದು ನೋಡಿ, ಆಮೇಲೆ ನಿರ್ಧರಿಸಿ ಎಂದು ಆಲ್-ಅನಾನ್‌ನವರು ಹೇಳುತ್ತಾರೆ. ಈ ಸಲಹೆಯನ್ನು ನಾನು ಪೂರ್ತಿ ಒಪ್ಪುತ್ತೇನೆ, ಏಕೆಂದರೆ ಎರಡನೆಯ ಸಭೆಗೇ ನಿಲ್ಲಿಸಿದ್ದರೆ ಆ ಹುಡುಗನ ಕೀಲಿಕೈಯ ಮಾತು ನನ್ನ ಕಿವಿಗೆ ಬೀಳುತ್ತಿರಲಿಲ್ಲ. ನನ್ನ ಅಪ್ಪ ಇಂದಿಗೂ ಕುಡಿಯುತ್ತಾರೆ. ನಾನು ಬಾಟಲಿಗೆ ಗೆರೆ ಎಳೆಯುವುದನ್ನು ಬಿಟ್ಟು ಬಹಳ ವರ್ಷಗಳಾದವು.

ಮಗುವನ್ನು ಕರೆದೊಯ್ಯುವ ಹಿರಿಯರಲ್ಲಿ ಒಂದು ಕೋರಿಕೆ. ಬಿಟ್ಟು ಹೊರಗೆ ಕಾಯಿರಿ, ಹಿಂದಿರುಗುವ ದಾರಿಯಲ್ಲಿ ಒಳಗೆ ಏನು ಮಾತಾಡಿದೆ ಎಂದು ಕೇಳಬೇಡಿ. ನನ್ನ ಚಿಕ್ಕಮ್ಮ ಎರಡು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ. ಹಸಿವಾಗಿದೆಯಾ ಎಂದಷ್ಟೇ ಕೇಳುತ್ತಿದ್ದರು.