ಕ್ಯಾಂಪರ್ ವ್ಯಾನಿಗೆ ಯಾವ ಟಾಯ್ಲೆಟ್: ಕ್ಯಾಸೆಟ್ಟೋ, ದೊಡ್ಡ ಟ್ಯಾಂಕೋ?

ಕಾಸರಗೋಡು ಕಡೆಯವರು ಒಳಗೇ ಮಲಗಿ ಊರೂರು ಸುತ್ತುವ ಇಂಥ ವ್ಯಾನ್ ಮಾಡಿಸುವುದಾದರೆ ನಾನು ಕ್ಯಾಸೆಟ್, ಅಂದರೆ ಹೊರಗೆಳೆದು ಖಾಲಿ ಮಾಡುವ ಪೆಟ್ಟಿಗೆ ಇರುವ ಟಾಯ್ಲೆಟ್ ಅಂತಲೇ ಹೇಳುತ್ತೇನೆ. ಹಿಡಿಸುವುದು ಕಡಿಮೆ, ಸುಮಾರು 18ರಿಂದ 20 ಲೀಟರ್, ಇಬ್ಬರಿದ್ದರೆ ಎರಡು ಮೂರು ದಿನಕ್ಕೆ ತುಂಬುತ್ತದೆ. ಆದರೆ ಹೊರಗಿನ ಬಾಗಿಲು ತೆಗೆದು ಪೆಟ್ಟಿಗೆ ಎಳೆದು, ಕೈಯಲ್ಲೇ ಹಿಡಿದುಕೊಂಡು ಹೋಗಿ ಮಾಮೂಲಿ ಕಕ್ಕಸಿಗೇ ಸುರಿಯಬಹುದು. ಬೇಕಲದ ಹತ್ತಿರ ಹೋಂಸ್ಟೇಯವರನ್ನು ಕೇಳಿದರೂ ಆಯಿತು, ಮನೆಗೆ ಬಂದ ಮೇಲೂ ಆಯಿತು. ಸುರಿಯುವಾಗ ಗಾಳಿಯ ಗುಂಡಿ ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಗುಳುಗುಳು ಅಂತ ಮೈಮೇಲೇ ಸಿಡಿಯುತ್ತದೆ.

ವ್ಯಾನಿಗೇ ಕೂರಿಸಿದ ದೊಡ್ಡ ಟ್ಯಾಂಕ್ ಹಾಗಲ್ಲ. ದಿನಗಟ್ಟಲೆ ಚಿಂತೆ ಇಲ್ಲ, ಜನ ಜಾಸ್ತಿ ಇದ್ದರೆ ಅದೇ ಆರಾಮ. ಆದರೆ ಖಾಲಿ ಮಾಡಲು ವ್ಯಾನನ್ನೇ ಹತ್ತಿರ ತಂದು ದಪ್ಪ ಪೈಪ್ ಜೋಡಿಸಬೇಕು. ಅಮೆರಿಕದ ಎಷ್ಟೋ ಕ್ಯಾಂಪ್‌ಸೈಟುಗಳಲ್ಲಿ ಅದಕ್ಕೆಂದೇ ಜಾಗ ಇರುತ್ತದೆ, ನಮ್ಮಲ್ಲಿ ಹುಡುಕಿ ಸುಸ್ತಾಗಬೇಕು. ಕೊನೆಗೆ ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವ ಲಾರಿಯನ್ನೇ ಕರೆಯಬೇಕಾದೀತು.

ಸುಮ್ನೆ ತೋಡಿಗೆ ಬಿಟ್ಟರಾಯಿತು ಅನ್ನುವವರಿದ್ದಾರೆ. ದಯವಿಟ್ಟು ಬೇಡ. ನಮ್ಮದು ಮುರಕಲ್ಲಿನ ನೆಲ, ತೂತು ತೂತು, ಮೇಲೆ ಬಿಟ್ಟದ್ದು ಒಳಗಿಳಿಯುತ್ತದೆ, ಗುಡ್ಡದ ಬುಡದಲ್ಲಿ ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದದ್ದು) ನೀರನ್ನೇ ಕುಡಿಯುವ ಮನೆಗಳಿವೆ, ಅಲ್ವಾ?

ಪಾತ್ರೆ ತೊಳೆದ ನೀರಿಗೆ ಬೇರೆ ಟ್ಯಾಂಕ್ ಬೇಕು, ಅದು ಎರಡರಲ್ಲೂ ಒಂದೇ. ಟಾಯ್ಲೆಟ್ ವಾಸನೆ ತಡೆಯಲು ಹಾಕುವ ಔಷಧಿಯಲ್ಲಿ ಫಾರ್ಮಾಲಿನ್ ಎಂಬ ರಾಸಾಯನಿಕ ಇದ್ದರೆ ಎರಡು ಬಗೆಯ ಟಾಯ್ಲೆಟ್ಟಿಗೂ ಹಾಕಬೇಡಿ. ಅದು ಹೋಂಸ್ಟೇಯವರ ಸೆಪ್ಟಿಕ್ ಟ್ಯಾಂಕಿನ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ವಾಸನೆ ಶುರುವಾದರೆ ಅವರು ಇನ್ನೊಂದು ವ್ಯಾನನ್ನು ಅಂಗಳಕ್ಕೇ ಬಿಡುವುದಿಲ್ಲ.