ಬದಿಯಡ್ಕದ ರಿಪೇರಿ ಅಂಗಡಿ: ಟ್ಯೂಬ್ ಆಂಪಿನ ವಾಲ್ಯೂಮ್ ಇಳಿಯುವ ಕಿರಿಕಿರಿ ಇಲ್ಲಿ ಸರಿಯಾಯ್ತು

ಗಿಟಾರಿನ ಟ್ಯೂಬ್ ಆಂಪ್ (ಹಳೇ ರೇಡಿಯೋದ ಹಾಗೆ ಗಾಜಿನ ಟ್ಯೂಬ್, ಅಂದ್ರೆ ವಾಲ್ವ್, ಇರುವ ಆಂಪ್ಲಿಫೈಯರ್) ಇಟ್ಕೊಂಡು ಕಾಸರಗೋಡು ಕಡೆ ಇರುವವರಿಗೆ ಹೇಳುದು, ಅದನ್ನು ಹೊತ್ಕೊಂಡು ಮಂಗಳೂರು ಬೆಂಗಳೂರು ಅಂತ ಹೊರಡುವ ಮೊದ್ಲು ಬದಿಯಡ್ಕ ಪೇಟೆಯ ಈ ಅಂಗಡಿಯಲ್ಲಿ ಒಮ್ಮೆ ತೋರಿಸಿ. ಹೊರಗಿಂದ ನೋಡಿದ್ರೆ ಏನೂ ಅನ್ನಿಸುದಿಲ್ಲ, ಮಿಕ್ಸಿ, ಫ್ಯಾನು, ತೋಟದ ಪಂಪಿನ ಸ್ಟಾರ್ಟರು, ಒಳಗೆ ಅರ್ಧ ಜಾಗ ಯಕ್ಷಗಾನಕ್ಕೆ ಹೋಗುವ ಮೈಕ್ ಸೆಟ್ಟು. ಆದ್ರೆ ಅಲ್ಲಿ ಕೂತಿರುವ ಅಣ್ಣ ವಾಲ್ವ್ ರೇಡಿಯೋ ಕಾಲದಿಂದ ಕೈ ಪಳಗಿಸಿದವ್ರು. ಐದರಲ್ಲಿ ನಾಲ್ಕು ಸ್ಟಾರ್, ಒಂದು ಯಾಕೆ ಕಟ್ ಅಂತ ಆಮೇಲೆ ಹೇಳ್ತೇನೆ.

ನನ್ನದು 15 ವ್ಯಾಟಿನ ಕಾಂಬೊ (ಆಂಪು, ಸ್ಪೀಕರು ಒಂದೇ ಪೆಟ್ಟಿಗೆಯಲ್ಲಿ), ಸ್ಪೀಕರಿಗೆ ಪವರ್ ಕೊಡ್ಲಿಕ್ಕೆ ಎರಡು ಇಎಲ್84 ಟ್ಯೂಬು, ಅದಕ್ಕಿಂತ ಮೊದಲಿನ ಹಂತಗಳಿಗೆ ಮೂರು 12ಎಎಕ್ಸ್7 ಟ್ಯೂಬು. ಆನ್ ಮಾಡಿ ಸ್ವಲ್ಪ ಹೊತ್ತು ಚಂದ ನುಡಿತದೆ, ಬಿಸಿ ಏರಿದ ಮೇಲೆ ಯಾವಾಗ್ಲೋ ಒಂದು ಸಲ ವಾಲ್ಯೂಮ್ ಅರ್ಧಕ್ಕೆ ಬಿದ್ದು ಹೋಗ್ತದೆ, ಜೋರಾಗಿ ಒಂದು ಕಾರ್ಡ್ ಬಾರಿಸಿದ್ರೆ ಗಪ್ ಅಂತ ವಾಪಸ್ ಬರ್ತದೆ, ಮತ್ತೆ ಯಾವಾಗ ಬೀಳ್ತದೆ ಅಂತ ದೇವರಿಗೇ ಗೊತ್ತು. ಮಳೆಗಾಲದಲ್ಲಂತೂ ಉಪದ್ರ ಜಾಸ್ತಿ. ಇದಕ್ಕೆ ಮೊದ್ಲು ಬೇರೆ ಒಂದು ಕಡೆ ತೋರಿಸಿದ್ದೆ, ಅವ್ರು ಬಿಚ್ಚಿ ನೋಡದೆ, ಆನ್ ಕೂಡ ಮಾಡದೆ "ಟ್ಯೂಬ್ ಪೂರಾ ಚೇಂಜ್ ಆಗ್ಬೇಕು" ಅಂತ ಎಸ್ಟಿಮೇಟ್ ಬರೆದು ಕೈಗೆ ಕೊಟ್ರು. ಟ್ಯೂಬ್ ಈಗ ಬರುದು ಹೆಚ್ಚಾಗಿ ಸ್ಲೊವಾಕಿಯಾ, ರಷ್ಯಾ, ಚೀನಾದಿಂದ, ರೇಟು ಕೇಳಿದ್ರೆ ತಲೆ ತಿರುಗ್ತದೆ.

ಇಲ್ಲಿಯ ಅಣ್ಣ ಸ್ಕ್ರೂ ಡ್ರೈವರ್ ಮುಟ್ಟುವ ಮೊದ್ಲು ಪ್ರಶ್ನೆ ಶುರು ಮಾಡಿದ್ರು. ಮೆಲ್ಲ ಇಳಿಯುದಾ, ಒಮ್ಮೆಲೇ ಬೀಳುದಾ? ಬಿದ್ದಾಗ ಸದ್ದು ಒಡೆದ ಹಾಗೆ ಕೇಳ್ತದಾ, ಬರೀ ಸಣ್ಣ ಆಗುದಾ? ನುಡಿಸದೆ ಇರುವಾಗ ಶ್ಶ್ ಅಂತ ಬರ್ತದಲ್ಲ ಹಿಸ್, ಅದೂ ಒಟ್ಟಿಗೇ ಇಳಿತದಾ? ಹಿಸ್ ಕೂಡ ಇಳಿತದೆ ಅಂದೆ. "ಹಾಗಾದ್ರೆ ಗಿಟಾರು, ಕೇಬಲ್ ಎರಡೂ ಬಿಡಿ ಮಾರಾಯ್ರೆ" ಅಂದ್ರು. ಹಿಸ್ ಹುಟ್ಟುದೇ ಹೆಚ್ಚಾಗಿ ಮೊದಲ್ನೇ ಟ್ಯೂಬಿನ ಹತ್ರ, ಕೇಬಲ್ ಹಾಳಾಗಿದ್ರೆ ಗಿಟಾರಿನ ಸದ್ದು ಮಾತ್ರ ಹೋಗಿ ಹಿಸ್ ಹಾಗೇ ಉಳಿಬೇಕಿತ್ತು.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಆಮೇಲಿನ ಮಾತು. ಎರಡು ಇಎಲ್84ರಲ್ಲಿ ಒಂದು ಕೈ ಕೊಟ್ಟಿದ್ರೆ ಸದ್ದು ಸಣ್ಣ ಆಗುದಷ್ಟೇ ಅಲ್ಲ, ಒಡೆದು ಗಲೀಜಾಗಿ ಕೇಳ್ತದಂತೆ. ಮತ್ತೆ ಪವರ್ ಅರ್ಧಕ್ಕೆ ಇಳಿದ್ರೂ ಅದು 3 ಡೆಸಿಬೆಲ್ ಮಾತ್ರ, ಕಿವಿಗೆ ಸ್ವಲ್ಪ ಕಮ್ಮಿ ಅನ್ನಿಸ್ತದೆ ಅಷ್ಟೇ, ಸದ್ದು ಅರ್ಧ ಆಯ್ತು ಅಂತ ಅನ್ನಿಸ್ಬೇಕಾದ್ರೆ ಹತ್ತಿರ ಹತ್ತಿರ 10 ಡೆಸಿಬೆಲ್ ಬೀಳ್ಬೇಕು. ನಿಮ್ಮದು ಕ್ಲೀನಾಗಿದ್ದುಕೊಂಡೇ ಅಷ್ಟು ದೊಡ್ಡ ಇಳಿತ, ಹಾಗಾಗಿ ನಡುವೆ ಎಲ್ಲೋ ಸಿಗ್ನಲ್ ದಾರಿಯಲ್ಲಿ ಕಾಂಟ್ಯಾಕ್ಟ್ ಬಿಡ್ತಾ ಉಂಟು ಅಂದ್ರು. ಎಸ್ಟಿಮೇಟ್ ಬರೆದುಕೊಟ್ಟವ್ರಿಗೆ ಈ ಲೆಕ್ಕ ಗೊತ್ತಿದ್ರೆ ಕಾಗದ ಉಳಿತಿತ್ತು.

ಮತ್ತೆ ಕಾಯುದು. ಆಂಪ್ ಆನ್ ಮಾಡಿಟ್ಟು ಅವ್ರು ಪಕ್ಕದಲ್ಲಿ ಯಾರದ್ದೋ ಮಿಕ್ಸಿಗೆ ಬ್ರಷ್ ಹಾಕ್ತಾ ಕೂತ್ರು, ನಾನು ಸುಮ್ನೆ ಬಾರಿಸ್ತಾ ಇದ್ದೆ. ಬಿದ್ದ ಕೂಡ್ಲೇ ನನ್ನ ಕೈ ನಾಬಿಗೆ ಹೋಯ್ತು, "ಮುಟ್ಬೇಡಿ, ಮುಟ್ಬೇಡಿ, ಹಾಗೇ ಇರ್ಲಿ" ಅಂತ ಓಡಿ ಬಂದ್ರು. ಒಣ ಬಿದಿರಿನ ಕಡ್ಡಿಯಲ್ಲಿ ಟ್ಯೂಬ್ ಒಂದೊಂದನ್ನೇ ಮೆಲ್ಲ ತಟ್ಟಿದ್ರು, ವ್ಯತ್ಯಾಸ ಇಲ್ಲ. ಆಫ್ ಮಾಡಿ ಡ್ರಾಯರಿಂದ ಹಳೇ ಬಿಇಎಲ್ ಇಸಿಸಿ83 ತೆಗ್ದು ಒಂದೊಂದೇ ಜಾಗಕ್ಕೆ ಹಾಕಿ ನೋಡಿದ್ರು (12ಎಎಕ್ಸ್7ಗೆ ಯುರೋಪಿನ ಹೆಸರು ಇಸಿಸಿ83, ಬೆಂಗಳೂರಿನ ಬಿಇಎಲ್‌ನಲ್ಲಿ ಒಂದು ಕಾಲಕ್ಕೆ ಇವನ್ನೆಲ್ಲ ಮಾಡ್ತಿದ್ರು, ಇವ್ರ ಹತ್ರ ಇನ್ನೂ ಒಂದು ಡಬ್ಬಿ ಉಂಟು, ಕೊಡುದಿಲ್ಲ, ಕೇಳಿ ಆಯ್ತು). ಅದ್ರಲ್ಲೂ ಅದೇ ಕತೆ, ಟ್ಯೂಬ್ ಎಲ್ಲ ಪಾಸ್.

ಕೊನೆಗೆ ಆಂಪಿನ ಹಿಂದಿರುವ ಎಫೆಕ್ಟ್ಸ್ ಲೂಪಿಗೆ ಬಂದ್ರು (ಎಫೆಕ್ಟ್ ಪೆಡಲನ್ನು ನಡುವೆ ಸೇರಿಸ್ಲಿಕ್ಕೆ ಸೆಂಡ್, ರಿಟರ್ನ್ ಅಂತ ಇರುವ ಎರಡು ಜಾಕು). ನಾನು ಲೂಪ್ ಉಪಯೋಗಿಸುದೇ ಇಲ್ಲ, ಆದ್ರೂ ನನ್ನ ಆಂಪಿನ ಹಾಗೆ ಸೀರೀಸ್ ಲೂಪ್ ಇದ್ರೆ ಸಿಗ್ನಲ್ ಪೂರಾ ರಿಟರ್ನ್ ಜಾಕಿನೊಳಗಿನ ಒಂದು ಸಣ್ಣ ಸ್ವಿಚ್ಚಿನ ಮೂಲಕವೇ ಪವರ್ ಸೆಕ್ಷನ್‌ಗೆ ಹೋಗುದು, ಪಿನ್ ತೂರಿಸಿದಾಗ ಆ ಸ್ವಿಚ್ ಬಿಟ್ಕೊಳ್ತದೆ, ತೆಗೆದಾಗ ಕೂಡ್ತದೆ. ವರ್ಷಗಟ್ಲೆ ಅದಕ್ಕೆ ಏನೂ ತೂರಿಸದಿದ್ರೆ, ಅದ್ರಲ್ಲೂ ನಮ್ಮ ಕರಾವಳಿಯ ಉಪ್ಪು ಗಾಳಿಗೆ, ಕಾಂಟ್ಯಾಕ್ಟಿನ ಮೇಲೆ ಕಪ್ಪು ಪೊರೆ ಕಟ್ಟುದು. ಜೋರಾಗಿ ಬಾರಿಸಿದಾಗ ಸದ್ದು ವಾಪಸ್ ಬರ್ತಿದ್ದದ್ದೂ ಅದಕ್ಕೇ, ಕಾಂಬೊದಲ್ಲಿ ಸ್ಪೀಕರು ಚಾಸಿ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಕಾರಣ ಆ ಅದುರಿಗೆ ಸ್ವಿಚ್ ಕೂಡಿಕೊಳ್ತಿತ್ತು.

ಸೆಂಡ್‌ನಿಂದ ರಿಟರ್ನ್‌ಗೆ ಒಂದು ಗಿಡ್ಡ ಪ್ಯಾಚ್ ಕೇಬಲ್ ಹಾಕಿದ್ರು, ವಾಲ್ಯೂಮ್ ಫುಲ್. ನಾನು ಆಯ್ತಲ್ಲ ಅಂದ್ಕೊಂಡೆ, ಅವ್ರು ಒಪ್ಪಲಿಲ್ಲ. ಪಿನ್ ತೂರಿಸುವಾಗ್ಲೇ ಕಾಂಟ್ಯಾಕ್ಟ್ ಉಜ್ಜಿ ಸರಿಯಾದ ಹಾಗೆ ಕಾಣುದುಂಟು, ಅದನ್ನು ನಂಬ್ಲಿಕ್ಕಾಗುದಿಲ್ಲ ಅಂತ ಆಂಪನ್ನು ಅಲ್ಲೇ ಇಟ್ಕೊಂಡ್ರು. ಮರುದಿನ ಕೇಬಲ್ ಹಾಕಿ ತುಂಬ ಹೊತ್ತು ಓಡಿಸಿದಾಗ ಒಮ್ಮೆಯೂ ಬೀಳಲಿಲ್ಲ, ಕೇಬಲ್ ತೆಗೆದು ಬಿಟ್ಟದ್ದಕ್ಕೆ ಮಧ್ಯಾಹ್ನದೊಳಗೆ ಬಿತ್ತು. ಆಗ ಫೋನ್ ಮಾಡಿ ಬಿಚ್ಚಲಾ ಅಂತ ಕೇಳಿದ್ರು.

ನಾನು ಅಲ್ಲಿಗೆ ಹೋದ ಮೇಲೆಯೇ ಬಿಚ್ಚಿದ್ರು. ಪ್ಲಗ್ ಕಿತ್ತ ಮೇಲೆ ಕೂಡ ಫಿಲ್ಟರ್ ಕೆಪಾಸಿಟರಿನಲ್ಲಿ 300 ವೋಲ್ಟಿಗಿಂತ ಜಾಸ್ತಿ ಉಳಿದಿರುವ ಸಾಧ್ಯತೆ ಉಂಟು, ಹಾಗಾಗಿ ಕ್ಲಿಪ್ಪಿರುವ ವಯರಿಗೆ ದಪ್ಪ ರೆಸಿಸ್ಟರ್ ಹಾಕಿ ಇಳಿಸಿ, ಮೀಟರಿನಲ್ಲಿ ನೋಡಿ, ಆಮೇಲೆಯೇ ಒಳಗೆ ಕೈ ಹಾಕಿದ್ದು. ಜಾಕ್ ಕಿತ್ತು ಲೆನ್ಸಿನ ಕೆಳಗೆ ಹಿಡಿದು ತೋರಿಸಿದ್ರು, ಬೆಳ್ಳಗಿರ್ಬೇಕಾದ ಪಟ್ಟಿ ಕಾಡಿಗೆ ಕಪ್ಪು. ಸ್ಪ್ರೇ ಹೊಡೆದ್ರೆ ಒಂದು ಮಳೆಗಾಲ ನಡೀಬಹುದು, ಹೊಸತೇ ಹಾಕುವ ಅಂತ ಹಾಕಿದ್ರು. ಪವರ್ ಟ್ಯೂಬಿನ ಸಾಕೆಟ್ ಪಿನ್ನಿನ ಸುತ್ತ ಸೋಲ್ಡರ್ ಉಂಗುರದ ಹಾಗೆ ಬಿರುಕು ಬಿಡ್ತಾ ಇತ್ತಂತೆ, ಅದಕ್ಕೂ ಹೊಸ ಸೋಲ್ಡರ್ ಬಿತ್ತು, ನಾನು ಕೇಳದೆ. ಒಟ್ಟು 650 ರೂಪಾಯಿ. ಈ ಮಳೆಗಾಲ ಪೂರ್ತಿ ಮತ್ತೆ ಬೀಳಲಿಲ್ಲ.

ಇನ್ನು ಕಟ್ ಮಾಡಿದ ಒಂದು ಸ್ಟಾರು. ಫೋನ್ ಎತ್ತುದು ಅಪರೂಪ. ನಾಳೆ ಅಂದ್ರೆ ನಾಳೆ ಅಲ್ಲ, ಯಕ್ಷಗಾನ ಆಟದ ಸೀಸನಿನಲ್ಲಿ ಮೈಕ್ ಸೆಟ್ಟಿನವ್ರು ಬಂದ್ರೆ ನಿಮ್ಮ ಆಂಪ್ ಮೂಲೆಗೆ. ಬಿಲ್ಲು ಕೇಳಿದ್ರೆ ಹಳೇ ಕ್ಯಾಲೆಂಡರಿನ ಹಿಂದೆ ಬರೆದು ಕೊಡ್ತಾರೆ, ವಾರಂಟಿ ಅಂದ್ರೆ ನಗ್ತಾರೆ. ಟ್ಯೂಬ್ ಸ್ಟಾಕ್ ಇಲ್ಲ, ಬೇಕಾದ್ರೆ ನೀವೇ ತರಿಸಿ ಕೊಡ್ಬೇಕು. ಅಂಗಡಿ ಮಾಳಿಗೆಯಲ್ಲಿ, ಮೆಟ್ಲು ಕಡಿದು, ಕಾಂಬೊ ಹೊತ್ತು ಹತ್ತುವಾಗ ಸೊಂಟ ಹಿಡಿತದೆ.

ಹೋಗುವವ್ರು ಗಿಟಾರು, ಫುಟ್‌ಸ್ವಿಚ್ ತಗೊಂಡೇ ಹೋಗಿ. ಹೆಡ್ (ಸ್ಪೀಕರ್ ಇಲ್ಲದ ಬರೀ ಆಂಪ್) ಆದ್ರೆ ಸ್ಪೀಕರ್ ಕ್ಯಾಬಿನೆಟ್ಟು, ಅದ್ರ ಕೇಬಲ್ಲೂ ಬೇಕು, ಸ್ಪೀಕರ್ ಇಲ್ಲದೆ ಓಡಿಸಿದ್ರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುವ ಸಾಧ್ಯತೆ ಇರುವ ಕಾರಣ ಅವ್ರು ಆನೇ ಮಾಡುದಿಲ್ಲ, ನನ್ನೆದುರೇ ಒಬ್ಬನನ್ನು ಕ್ಯಾಬಿನೆಟ್ ತರ್ಲಿಕ್ಕೆ ನೀರ್ಚಾಲಿಗೆ ವಾಪಸ್ ಅಟ್ಟಿದ್ರು. ಮತ್ತೆ ಆ ಪ್ಯಾಚ್ ಕೇಬಲ್ ಟೆಸ್ಟನ್ನು ಮನೆಯಲ್ಲೇ ಮಾಡಿ ನೋಡಿ, ಅದಕ್ಕೆ ಆಂಪ್ ಬಿಚ್ಚುದು ಬೇಡ.